ಹೋಗಿ ಬರ್ತೀನಿ ಅಂದವರ ಲೆಕ್ಕ

ಮೊಟ್ಟೆಯಿಂದ ಶುರು ಮಾಡುತ್ತೇನೆ. 1943ರ ಇಂಗ್ಲೆಂಡು. ಎಲ್ಲದಕ್ಕೂ ರೇಷನ್. ಮೊಟ್ಟೆ ಅಂದರೆ ಡಬ್ಬಿಯಲ್ಲಿ ಬರುವ ಹಳದಿ ಪುಡಿ, ನೀರಿನಲ್ಲಿ ಕಲಸಿ ಬಾಣಲೆಗೆ ಹುಯ್ದದ್ದು. ಆದರೆ ಅಮೆರಿಕದ ಬಾಂಬರ್ ನೆಲೆಗಳಲ್ಲಿ ಕೆಲವು ದಿನ, ಇನ್ನೂ ಕತ್ತಲಿರುವಾಗಲೇ, ತಟ್ಟೆಗೆ ನಿಜವಾದ ಮೊಟ್ಟೆ ಬೀಳುತ್ತಿತ್ತು. ಒಡೆದು ಹಾಕಿದ್ದು, ಬಿಸಿ ಬಿಸಿಯಾಗಿ. ಅದನ್ನು ನೋಡಿದ ಕೂಡಲೇ ಹುಡುಗರಿಗೆ ಗೊತ್ತಾಗುತ್ತಿತ್ತು, ಇವತ್ತು ಹಾರಬೇಕು ಅಂತ. ಎಷ್ಟೋ ಜನರಿಗೆ ಆ ಮೊಟ್ಟೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ತಿಂಡಿ ಆದ ಮೇಲೆ ಒಂದು ಉದ್ದನೆಯ ತಗಡಿನ ಶೆಡ್ಡು. ಎದುರಿಗೆ ಗೋಡೆ ತುಂಬ ಯುರೋಪಿನ ನಕ್ಷೆ, ಅದರ ಮೇಲೆ ಪರದೆ. ಅಧಿಕಾರಿ ಬಂದು ಪರದೆ ಸರಿಸುತ್ತಾನೆ. ಇಂಗ್ಲೆಂಡಿನಿಂದ ಗುರಿಯವರೆಗೆ ಒಂದು ದಾರ ಎಳೆದಿರುತ್ತಾರೆ. ದಾರ ಫ್ರಾನ್ಸಿನ ಕರಾವಳಿಗೇ ನಿಂತರೆ ಎಲ್ಲರ ಎದೆ ಹಗುರ. ಜರ್ಮನಿಯ ಒಳಗೆ, ಇನ್ನೂ ಒಳಗೆ ಹೋದಷ್ಟೂ ಶೆಡ್ಡು ಮೌನ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ನಮ್ಮ ಮನೆಗಳಲ್ಲಿ ಹೊರಗೆ ಹೊರಡುವಾಗ 'ಹೋಗ್ತೀನಿ' ಅಂತ ಯಾರೂ ಹೇಳುವುದಿಲ್ಲ, ಅಲ್ವಾ? ಬಾಯಿ ತಪ್ಪಿ ಹೇಳಿದರೆ ಅಜ್ಜಿ ಅಲ್ಲೇ ತಡೆಯುತ್ತಾರೆ. 'ಹೋಗಿ ಬರ್ತೀನಿ ಅನ್ನು.' ಹೋಗುವುದಕ್ಕಿಂತ ಬರುವುದು ಮುಖ್ಯ ಅನ್ನುವುದನ್ನು ಒಂದು ಕ್ರಿಯಾಪದದೊಳಗೇ ಇಟ್ಟಿದ್ದೇವೆ. ಈ ಬಾಂಬರ್ ಹುಡುಗರ ಬಗ್ಗೆ ಓದುವಾಗೆಲ್ಲ ನನಗೆ ಈ ಮಾತೇ ನೆನಪಾಗುತ್ತದೆ. ಯಾಕೆಂದರೆ ಇವರ ಬದುಕು ಪೂರ್ತಿ ಒಂದೇ ಎಣಿಕೆಯ ಮೇಲೆ ನಿಂತಿತ್ತು: ಎಷ್ಟು ಹೋದವು, ಎಷ್ಟು ಬಂದವು.

ನಾನು ಹೇಳುತ್ತಿರುವುದು ಅಮೆರಿಕದ ಎಂಟನೇ ವಾಯುಪಡೆಯ ಕಥೆ. ಪೂರ್ವ ಇಂಗ್ಲೆಂಡಿನ ಹೊಲಗಳ ಮಧ್ಯೆ ಅವರ ನೆಲೆಗಳು. ಥಾರ್ಪ್ ಅಬಟ್ಸ್, ಬ್ಯಾಸಿಂಗ್‌ಬೋರ್ನ್, ಚೆಲ್ವೆಸ್ಟನ್, ಹೀಗೆ ಹಳ್ಳಿಯ ಹೆಸರುಗಳೇ. ಬ್ರಿಟಿಷರು ರಾತ್ರಿ ಹೋಗಿ ಬಾಂಬ್ ಹಾಕುತ್ತಿದ್ದರು. ಅಮೆರಿಕದವರು ಹಗಲು ಹೊತ್ತಲ್ಲೇ ಹೋಗುತ್ತೇವೆ ಅಂದರು. ಹಗಲಲ್ಲಿ ಗುರಿ ಕಾಣುತ್ತದೆ, ಕಾರ್ಖಾನೆಗೆ ಮಾತ್ರ ಹೊಡೆಯಬಹುದು, ಮತ್ತೆ ನಮ್ಮ ಬಿ-17 ವಿಮಾನದಲ್ಲಿ ಸುತ್ತಲೂ ಹತ್ತಕ್ಕೂ ಹೆಚ್ಚು ಮೆಷಿನ್ ಗನ್ ಇದೆ, ಒತ್ತೊತ್ತಾಗಿ ಸಾಲುಗಟ್ಟಿ ಹಾರಿದರೆ ಶತ್ರುವಿನ ಫೈಟರ್ ವಿಮಾನ ಹತ್ತಿರ ಬರಲಾರದು, ಬೆಂಗಾವಲು ಇಲ್ಲದಿದ್ದರೂ ನಡೆಯುತ್ತದೆ ಅನ್ನುವುದು ಅವರ ನಂಬಿಕೆ. ಆ ನಂಬಿಕೆಗೆ ತೆತ್ತ ಬೆಲೆಯೇ ಇವತ್ತಿನ ಮಾತು.

ಮೊದಲು ವಿಮಾನದ ಒಳಗೆ ಹೋಗೋಣ. ಹತ್ತು ಜನ. ಇಬ್ಬರು ಪೈಲಟ್‌ಗಳು, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬ್ ಬಿಡುವವನು, ರೇಡಿಯೋದವನು, ಎಂಜಿನಿಯರ್, ಉಳಿದವರು ಬಂದೂಕಿನ ಹಿಂದೆ. ಹೆಚ್ಚಿನವರಿಗೆ 20ರ ಆಸುಪಾಸು ವಯಸ್ಸು. ಎಷ್ಟೋ ಪೈಲಟ್‌ಗಳಿಗೆ ಮನೆಯಲ್ಲಿ ಕಾರು ಓಡಿಸಿದ ಅನುಭವವೂ ಸರಿಯಾಗಿರಲಿಲ್ಲ, ಇಲ್ಲಿ ನಾಲ್ಕು ಎಂಜಿನ್ನಿನ ವಿಮಾನ ಮತ್ತು ಒಂಬತ್ತು ಜೀವ ಅವರ ಕೈಯಲ್ಲಿ.

ಇವತ್ತು ನಾವು ವಿಮಾನ ಹತ್ತಿದರೆ ಒಳಗೆ ಬೆಚ್ಚಗಿರುತ್ತದೆ, ಉಸಿರಾಟದ ಯೋಚನೆ ಇಲ್ಲ. ಬಿ-17 ಹಾಗಲ್ಲ. ಅದು ಹಾರುತ್ತಿದ್ದದ್ದು ಸುಮಾರು 25,000 ಅಡಿ ಎತ್ತರದಲ್ಲಿ. ಒಳಗಿನ ಗಾಳಿಯೂ ಹೊರಗಿನ ಗಾಳಿಯೂ ಒಂದೇ. ಆಕ್ಸಿಜನ್ ಮಾಸ್ಕ್ ಕಳಚಿದರೆ ಕೆಲವೇ ನಿಮಿಷದಲ್ಲಿ ಪ್ರಜ್ಞೆ ಹೋಗುತ್ತದೆ, ಆಮೇಲೆ ಜೀವ. ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ, ಕೆಲವೊಮ್ಮೆ ಇನ್ನೂ ಕೆಳಗೆ. ವಿಮಾನದ ನಡುವೆ ಎರಡು ಪಕ್ಕಕ್ಕೂ ಬಂದೂಕಿಗಾಗಿ ತೆರೆದ ಕಿಟಕಿ, ಅದರ ಮುಂದೆ ಗಂಟೆಗಟ್ಟಲೆ ನಿಲ್ಲಬೇಕು. ಕೈಗವಸು ತೆಗೆದು ಬಂದೂಕು ಮುಟ್ಟಿದರೆ ಚರ್ಮ ಕಬ್ಬಿಣಕ್ಕೆ ಅಂಟಿ ಕಿತ್ತು ಬರುತ್ತದೆ. ಕರೆಂಟಿನಿಂದ ಬಿಸಿಯಾಗುವ ಉಡುಪು ಕೊಟ್ಟಿದ್ದರು. ಅದರ ತಂತಿ ಎಲ್ಲೋ ಒಂದು ಕಡೆ ತುಂಡಾದರೆ ಮುಗಿಯಿತು. ಶುರುವಿನ ದಿನಗಳಲ್ಲಿ ಗುಂಡಿನ ಗಾಯಕ್ಕಿಂತ ಚಳಿಗೆ ಬೆರಳು, ಕಿವಿ, ಕಾಲು ಕೊಳೆತು ಆಸ್ಪತ್ರೆ ಸೇರಿದವರೇ ಜಾಸ್ತಿ. ಉಸಿರಿನ ತೇವ ಮಾಸ್ಕಿನ ಕೊಳವೆಯಲ್ಲೇ ಮಂಜುಗಡ್ಡೆಯಾಗಿ ಕೂರುತ್ತಿತ್ತು. ಅದನ್ನು ಆಗಾಗ ಹಿಸುಕಿ ಪುಡಿ ಮಾಡುತ್ತಿರಬೇಕು. ಮರೆತರೆ, ಪಕ್ಕದವನಿಗೂ ಗೊತ್ತಾಗದ ಹಾಗೆ ಸಾಯಬಹುದು.

ಹೊಟ್ಟೆಯ ಕೆಳಗೆ ಒಂದು ಗಾಜಿನ ಗೋಳ. ಅದರೊಳಗೆ ಒಬ್ಬ, ಮಂಡಿಯನ್ನು ಎದೆಯ ಕಡೆಗೆ ಮಡಚಿಕೊಂಡು, ಎರಡು ಬಂದೂಕಿನ ಮಧ್ಯೆ ಮುದುಡಿ ಕೂತಿರುತ್ತಾನೆ. ಗುಂಡಗೆ ತಿರುಗುತ್ತಾನೆ. ಸಾಮಾನ್ಯವಾಗಿ ಅವನ ಪ್ಯಾರಾಚೂಟ್ ಕೂಡ ಒಳಗೆ ಹಿಡಿಸುತ್ತಿರಲಿಲ್ಲ, ಮೇಲೆ ವಿಮಾನದಲ್ಲಿ ಇರುತ್ತಿತ್ತು. ಅಲನ್ ಮಗೀ ಅನ್ನುವವನು ಅಂಥ ಗೋಳದಲ್ಲಿದ್ದ. 1943ರ ಜನವರಿ 3, ಫ್ರಾನ್ಸಿನ ಸೇಂಟ್ ನಜೇರ್ ಮೇಲೆ ದಾಳಿ. ಗೋಳಕ್ಕೆ ಏಟು ಬಿತ್ತು, ಮೇಲೆ ಹತ್ತಿ ಬಂದು ನೋಡಿದರೆ ಪ್ಯಾರಾಚೂಟ್ ಚಿಂದಿಯಾಗಿದೆ. ವಿಮಾನ ಮುರಿದು ಸುತ್ತುತ್ತಾ ಬೀಳುವಾಗ ಅವನು ಹೊರಗೆ ಬಿದ್ದ, ಪ್ಯಾರಾಚೂಟ್ ಇಲ್ಲದೆ, ಸುಮಾರು 22,000 ಅಡಿಯಿಂದ. ರೈಲ್ವೆ ಸ್ಟೇಷನ್ನಿನ ಗಾಜಿನ ಛಾವಣಿ ಒಡೆದುಕೊಂಡು ಒಳಗೆ ಬಿದ್ದ. ಬದುಕಿದ! ಜರ್ಮನ್ ವೈದ್ಯರು ಅವನ ಕೈ ಉಳಿಸಿದರು. ಅವನು ತೀರಿಕೊಂಡದ್ದು 2003ರಲ್ಲಿ.

ಇನ್ನೊಬ್ಬ, ಮೇನಾರ್ಡ್ ಸ್ಮಿತ್. ಮೊದಲ ಹಾರಾಟ, 1943ರ ಮೇ 1. ಅವನೂ ಗೋಳದೊಳಗಿನವನೇ. ವಿಮಾನದೊಳಗೆ ಬೆಂಕಿ ಹತ್ತಿತು, ಮೂವರು ಹಾರಿಬಿಟ್ಟರು. ಇವನು ಸುಮಾರು ಒಂದೂವರೆ ಗಂಟೆ ಬೆಂಕಿ ಆರಿಸುತ್ತಾ, ನಡುನಡುವೆ ಗಾಯಾಳುವನ್ನು ನೋಡಿಕೊಳ್ಳುತ್ತಾ, ಮತ್ತೆ ಎದ್ದು ಬಂದೂಕು ಹಾರಿಸುತ್ತಾ ನಿಂತ. ಇಂಗ್ಲೆಂಡಿನಲ್ಲಿ ಇಳಿದ ಮೇಲೆ ಆ ವಿಮಾನ ಎರಡು ತುಂಡಾಯಿತು. ದೇಶದ ಅತಿ ದೊಡ್ಡ ಪದಕ ಸಿಕ್ಕಿತು ಅವನಿಗೆ.

ಇಂಥ ಕಥೆಗಳನ್ನು ಕೇಳಿದರೆ ಮೈ ಜುಮ್ ಅನ್ನುತ್ತದೆ. ಆದರೆ ಒಂದು ವಿಷಯ ಗಮನಿಸಿ. ಈ ಎರಡೂ ಕಥೆ ನಮಗೆ ಗೊತ್ತಿರುವುದು ಅವರು ಬದುಕಿದ್ದರಿಂದ. ಒಂದೂವರೆ ಗಂಟೆ ಬೆಂಕಿಯ ಜೊತೆ ಹೋರಾಡಿ ಕೊನೆಯ ಐದು ನಿಮಿಷದಲ್ಲಿ ಸೋತವನ ಕಥೆ ಹೇಳುವುದಕ್ಕೆ ಯಾರೂ ಉಳಿದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇಲ್ಲಿಗೇ ಬರುತ್ತೇನೆ.

ಈಗ 25ರ ಲೆಕ್ಕ. 25 ಸಲ ಹೋಗಿ ಬಂದರೆ ಮನೆಗೆ ಕಳಿಸುತ್ತೇವೆ, ಇದು ಆಗಿನ ನಿಯಮ. ಕೇಳುವುದಕ್ಕೆ 25 ದೊಡ್ಡ ಸಂಖ್ಯೆ ಅಲ್ಲ. ನಾವೇ ಒಂದು ಲೆಕ್ಕ ಮಾಡೋಣ, ಬೆರಳು ಮಡಚಿ. ಪ್ರತಿ ಸಲ ಹೋದ ನೂರರಲ್ಲಿ 5 ವಿಮಾನ ಬರುವುದಿಲ್ಲ ಅಂತ ಇಟ್ಟುಕೊಳ್ಳಿ. 1943ರ ಕೆಟ್ಟ ತಿಂಗಳುಗಳಿಗೆ ಇದು ಹೆಚ್ಚು ಹೇಳಿದ್ದಲ್ಲ. ನೂರು ತಂಡ ಶುರು ಮಾಡಿದರೆ 5 ಹಾರಾಟ ಆದ ಮೇಲೆ 77 ತಂಡ ಉಳಿಯುತ್ತವೆ. 10 ಆದಾಗ 60. 15ಕ್ಕೆ 46. 20ಕ್ಕೆ 36. ಇಪ್ಪತ್ತೈದನೆಯದು ಮುಗಿದಾಗ 28. ಅಂದರೆ ನಾಲ್ಕರಲ್ಲಿ ಸುಮಾರು ಒಂದು. ಆ ಹುಡುಗರಿಗೆ ಗಣಿತ ಬರುತ್ತಿರಲಿಲ್ಲ ಅಂತ ತಿಳಿಯಬೇಡಿ. ಶೆಡ್ಡಿನಲ್ಲಿ ಕೂತು ಈ ಲೆಕ್ಕವನ್ನು ಅವರೇ ಮಾಡಿಕೊಂಡಿದ್ದರು, ಮಾಡಿಕೊಂಡ ಮೇಲೂ ಎದ್ದು ವಿಮಾನ ಹತ್ತಿದರು.

ಆಮೇಲೆ ಬಂತು ಶ್ವೈನ್‌ಫರ್ಟ್. ಜರ್ಮನಿಯ ಒಳಗಿನ ಸಣ್ಣ ಊರು. ಅಲ್ಲಿ ಬಾಲ್ ಬೇರಿಂಗ್ ಕಾರ್ಖಾನೆಗಳು. ನಮ್ಮ ಸೈಕಲ್ ಚಕ್ರದಲ್ಲೂ ಇರುತ್ತದಲ್ಲ, ಅದೇ ಉಕ್ಕಿನ ಗುಂಡು. ಟ್ಯಾಂಕು, ವಿಮಾನದ ಎಂಜಿನ್ನು, ತಿರುಗುವ ಯಾವುದೇ ಯಂತ್ರಕ್ಕೂ ಅದು ಬೇಕು. ಜರ್ಮನಿಗೆ ಬೇಕಾದದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಆ ಒಂದೇ ಊರಿನಲ್ಲಿ ತಯಾರಾಗುತ್ತಿತ್ತು. ಅಲ್ಲಿಗೆ ಹೊಡೆದರೆ ಇಡೀ ಯುದ್ಧಯಂತ್ರ ನಿಂತುಹೋಗುತ್ತದೆ ಅನ್ನುವುದು ಯೋಜನೆ ಮಾಡಿದವರ ಲೆಕ್ಕ.

ಮೊದಲ ಸಲ ಆಗಸ್ಟ್ 17. ಎರಡು ಗುಂಪು. ಒಂದು ಗುಂಪು, ಕರ್ಟಿಸ್ ಲಮೇ ಮುಂದಾಳು, ರೇಗನ್ಸ್‌ಬರ್ಗಿನ ವಿಮಾನ ಕಾರ್ಖಾನೆಗೆ ಹೊಡೆದು ಹಿಂದೆ ಬರದೆ ಹಾಗೇ ಆಫ್ರಿಕಾ ಕಡೆ ಹೋಗಬೇಕು. ಇನ್ನೊಂದು ಗುಂಪು ಬೆನ್ನಲ್ಲೇ ಶ್ವೈನ್‌ಫರ್ಟಿಗೆ. ಎರಡನ್ನೂ ಒಟ್ಟಿಗೆ ತಡೆಯಲು ಜರ್ಮನ್ ಫೈಟರ್‌ಗಳಿಗೆ ಆಗುವುದಿಲ್ಲ ಅಂತ ಎಣಿಸಿದ್ದರು. ಆದರೆ ಅವತ್ತು ಇಂಗ್ಲೆಂಡಿನಲ್ಲಿ ಮಂಜು ಕವಿಯಿತು. ಲಮೇಯ ಗುಂಪು ಹೇಗೋ ಹೊರಟಿತು, ಎರಡನೆಯ ಗುಂಪು ನೆಲದ ಮೇಲೇ ಗಂಟೆಗಟ್ಟಲೆ ಕಾಯಿತು. ಅಷ್ಟರಲ್ಲಿ ಜರ್ಮನ್ ಫೈಟರ್‌ಗಳು ಮೊದಲ ಗುಂಪಿನ ಜೊತೆ ಹೊಡೆದಾಡಿ, ಇಳಿದು, ಪೆಟ್ರೋಲು ಗುಂಡು ತುಂಬಿಸಿಕೊಂಡು ಎರಡನೆಯವರಿಗೆ ಸಿದ್ಧವಾಗಿದ್ದವು. ಹೊರಟದ್ದು 376 ಬಾಂಬರ್. ಬಾರದೇ ಹೋದದ್ದು 60.

ಅವತ್ತು ಸಂಜೆ ಬಂದೂಕಿನ ಹುಡುಗರು ಎಷ್ಟು ಶತ್ರು ವಿಮಾನ ಬೀಳಿಸಿದೆವು ಅಂತ ಲೆಕ್ಕ ಕೊಟ್ಟರು. 288. ಜರ್ಮನರು ನಿಜವಾಗಿ ಕಳೆದುಕೊಂಡದ್ದು ಸುಮಾರು 27. ಹುಡುಗರು ಸುಳ್ಳು ಹೇಳಿದರಾ? ಇಲ್ಲ. ಒಂದು ಫೈಟರ್ ಬೆಂಕಿ ಹತ್ತಿ ಬಿದ್ದರೆ ಅದಕ್ಕೆ ಗುರಿಯಿಟ್ಟಿದ್ದ ಹತ್ತು ಜನರೂ, ಬೇರೆ ಬೇರೆ ವಿಮಾನಗಳಲ್ಲಿ, ತಾನೇ ಬೀಳಿಸಿದೆ ಅಂತ ಪ್ರಾಮಾಣಿಕವಾಗಿ ನಂಬುತ್ತಾರೆ. ಹೊಗೆ ಬಿಡುತ್ತಾ ಕೆಳಗೆ ಹೋದದ್ದು ಸತ್ತೇಹೋಯಿತು ಅನ್ನಿಸುತ್ತದೆ. ಹೀಗೆ ಎರಡು ಕಡೆಯ ಲೆಕ್ಕವೂ ತಪ್ಪುತ್ತಾ ಹೋಯಿತು, ಮೇಲಿದ್ದವರಿಗೆ ಶತ್ರು ಸೊರಗುತ್ತಿದ್ದಾನೆ ಅನ್ನುವ ಭ್ರಮೆ ಬಲಿಯಿತು.

ಎರಡನೆಯ ಸಲ ಅಕ್ಟೋಬರ್ 14, ಗುರುವಾರ. 'ಕಪ್ಪು ಗುರುವಾರ' ಅಂತಲೇ ಅದಕ್ಕೆ ಹೆಸರು ಬಿತ್ತು. ಪರದೆ ಸರಿದಾಗ ಅದೇ ಊರು, ಅದೇ ಹೆಸರು. ಶೆಡ್ಡಿನಲ್ಲಿ ಆಗಸ್ಟಿನಿಂದ ಉಳಿದುಕೊಂಡು ಬಂದವರೂ ಇದ್ದರು, ಅವರ ಮುಖ ಹೇಗಿತ್ತೋ ಯೋಚಿಸಿ. 291 ವಿಮಾನ ಹೊರಟವು. ಬೆಂಗಾವಲಿನ ಥಂಡರ್‌ಬೋಲ್ಟ್ ಫೈಟರ್‌ಗಳಿಗೆ ಪೆಟ್ರೋಲು ಸಾಕಾಗುತ್ತಿದ್ದದ್ದು ಜರ್ಮನಿಯ ಗಡಿಯ ಹತ್ತಿರದವರೆಗೆ ಮಾತ್ರ. ಆಖನ್ ಹತ್ತಿರ ಅವು ರೆಕ್ಕೆ ಅಲುಗಾಡಿಸಿ ವಾಪಸ್ ತಿರುಗಿದವು. ಅದನ್ನೇ ಕಾಯುತ್ತಿದ್ದವರು ಮೇಲೆ ಬಿದ್ದರು. ಎದುರಿನಿಂದ ನೇರವಾಗಿ ಬರುವವರು, ಹಿಂದೆ ದೂರದಲ್ಲಿ ನಿಂತು ರಾಕೆಟ್ ಬಿಡುವವರು. ಸಾಲು ಒಡೆದು ಒಂಟಿಯಾದ ಬಾಂಬರ್ ಸಿಕ್ಕರೆ ಎಲ್ಲರೂ ಅದರ ಮೇಲೆ. ಹೋಗುವಾಗಲೂ ಇದೇ, ಬರುವಾಗಲೂ ಇದೇ. 60 ವಿಮಾನ ಮತ್ತೆ ಬರಲಿಲ್ಲ. ಬಂದವುಗಳಲ್ಲೂ 17 ಮತ್ತೆ ಹಾರುವ ಸ್ಥಿತಿಯಲ್ಲಿರಲಿಲ್ಲ. ಚೆಲ್ವೆಸ್ಟನ್ನಿನ 305ನೇ ದಳವೊಂದೇ 13 ವಿಮಾನ ಕಳೆದುಕೊಂಡಿತು. ಒಂದು ನೆಲೆ, ಒಂದು ಮಧ್ಯಾಹ್ನ, 130 ಹುಡುಗರು.

ಇಷ್ಟಾಗಿ ಬಾಲ್ ಬೇರಿಂಗ್ ಏನಾಯಿತು? ಕಾರ್ಖಾನೆಗಳಿಗೆ ಪೆಟ್ಟು ಬಿತ್ತು, ಉತ್ಪಾದನೆ ಜೋರಾಗಿಯೇ ಕುಸಿಯಿತು. ಅದನ್ನು ಜರ್ಮನಿಯ ಮಂತ್ರಿ ಆಲ್ಬರ್ಟ್ ಸ್ಪೇರ್ ಕೂಡ ಒಪ್ಪಿಕೊಂಡ. ಆದರೆ ದಾಸ್ತಾನು ಇತ್ತು, ಸ್ವೀಡನ್ನಿನಿಂದ ತರಿಸಿಕೊಂಡರು, ಕಾರ್ಖಾನೆಗಳನ್ನು ಬೇರೆ ಬೇರೆ ಊರಿಗೆ ಹಂಚಿಬಿಟ್ಟರು. ಯುದ್ಧ ಮುಗಿದ ಮೇಲೆ ಅಮೆರಿಕವೇ ನಡೆಸಿದ ಸಮೀಕ್ಷೆ, ಈ ದಾಳಿಗಳಿಂದ ಜರ್ಮನಿಯ ಮುಖ್ಯ ಯುದ್ಧ ಉತ್ಪಾದನೆಗೆ ಅಳೆಯಬಹುದಾದಷ್ಟು ತೊಂದರೆ ಆಯಿತು ಅನ್ನುವುದಕ್ಕೆ ಸಾಕ್ಷಿ ಇಲ್ಲ ಅಂತ ಬರೆಯಿತು. ಆ ಸಾಲನ್ನು ಮೊದಲ ಸಲ ಓದಿದ ದಿನ ನನಗೆ ಪುಸ್ತಕ ಮುಂದುವರಿಸಲು ಆಗಲಿಲ್ಲ.

ಸಂಜೆಯ ಬಗ್ಗೆ ಹೇಳಬೇಕು. ಹಳ್ಳಿಯಲ್ಲಿ ಸಂಜೆ ದನ ಮೇವಿನಿಂದ ಬರುವಾಗ ಕೊಟ್ಟಿಗೆ ಬಾಗಿಲಲ್ಲಿ ನಿಂತು ಎಣಿಸುತ್ತೇವಲ್ಲ, ಹಾಗೆ ನೆಲೆಯಲ್ಲಿ ಉಳಿದವರೆಲ್ಲ ಹೊರಗೆ ಬಂದು ಆಕಾಶ ನೋಡುತ್ತಾ ನಿಲ್ಲುತ್ತಿದ್ದರು. ಮೆಕ್ಯಾನಿಕ್‌ಗಳು, ಅಡುಗೆಯವರು, ಡಾಕ್ಟರು, ಸುತ್ತಲಿನ ಹಳ್ಳಿಯ ಮಕ್ಕಳು. ವಿಮಾನದಿಂದ ಕೆಂಪು ಮತಾಪು ಹಾರಿದರೆ ಒಳಗೆ ಗಾಯಾಳು ಇದ್ದಾನೆ ಅಂತ, ಅದಕ್ಕೆ ಮೊದಲು ದಾರಿ. ಎಣಿಕೆ ನಿಂತ ಮೇಲೂ ಕೆಲವರು ನಿಂತೇ ಇರುತ್ತಿದ್ದರು. ಬೇರೆ ಎಲ್ಲಾದರೂ ಇಳಿದಿರಬಹುದು ಅನ್ನುವ ಆಸೆ. ಆ ಹೊತ್ತಿಗೆ ಶೆಡ್ಡಿನಲ್ಲಿ ಬಾರದವರ ಮಂಚದ ಹಾಸಿಗೆ ಸುತ್ತಿ, ಪೆಟ್ಟಿಗೆ ಕಟ್ಟಿ ಒಯ್ಯುತ್ತಿದ್ದರು. ಬೆಳಗ್ಗೆ ಪಕ್ಕದಲ್ಲಿ ಗೊರಕೆ ಹೊಡೆದವನ ಮಂಚ ರಾತ್ರಿ ಬೋಳು.

ಥಾರ್ಪ್ ಅಬಟ್ಸಿನ 100ನೇ ದಳಕ್ಕೆ ಇದು ಅಕ್ಟೋಬರ್ 10ರಂದು ಆಯಿತು. ಮ್ಯೂನ್‌ಸ್ಟರ್ ಮೇಲೆ ದಾಳಿ. ಹೋದ 13 ವಿಮಾನಗಳಲ್ಲಿ ನೆಲೆಗೆ ಬಂದದ್ದು ಒಂದೇ ಒಂದು, ರಾಬರ್ಟ್ ರೋಸೆಂಥಾಲ್ ನಡೆಸಿದ್ದು. ಮುಂದೆ ಆತ 25ಕ್ಕೆ ನಿಲ್ಲಿಸದೆ 52 ಸಲ ಹಾರಿದ.

ಆದರೆ ಅದೇ ದಿನದ ನೆಲದ ಕಡೆಯನ್ನೂ ನೋಡಬೇಕು. ಅವತ್ತು ಭಾನುವಾರ. ಅವತ್ತಿನ ಗುರಿ ಕಾರ್ಖಾನೆ ಅಲ್ಲ, ಊರಿನ ನಡುಭಾಗ. ಅಲ್ಲಿ ರೈಲ್ವೆ ಕೆಲಸಗಾರರ ಮನೆಗಳಿವೆ, ಅವರಿಲ್ಲದಿದ್ದರೆ ರೈಲು ಓಡುವುದಿಲ್ಲ ಅನ್ನುವ ವಾದ. ಕಾರ್ಖಾನೆಗೆ ಮಾತ್ರ ಹೊಡೆಯುತ್ತೇವೆ ಅಂತ ಶುರುವಾದದ್ದು ಒಂದೇ ವರ್ಷದಲ್ಲಿ ಇಲ್ಲಿಗೆ ಬಂದಿತ್ತು. ನೆಲದಲ್ಲಿ ಸತ್ತವರಿಗೂ ಅವತ್ತು ಬೆಳಗ್ಗೆ ಮನೆಯಿಂದ ಹೊರಟಾಗ ವಾಪಸ್ ಬರುವ ಯೋಚನೆಯೇ ಇತ್ತು. ಹುಡುಗರ ಧೈರ್ಯವನ್ನು ಹೇಳುತ್ತಾ ಇದನ್ನು ಬಿಟ್ಟುಬಿಟ್ಟರೆ ನಾನೂ ಅರ್ಧ ಲೆಕ್ಕವನ್ನೇ ಕೊಟ್ಟ ಹಾಗೆ. ಇದೇ ಲಮೇ 1945ರ ಮಾರ್ಚಿನಲ್ಲಿ ಟೋಕಿಯೋ ಮೇಲೆ ಬಿ-29ಗಳನ್ನು ಕಳಿಸಿದಾಗ ಒಂದೇ ರಾತ್ರಿ ಸುಮಾರು ಒಂದು ಲಕ್ಷ ಜನ ಸುಟ್ಟುಹೋದರು.

ಬಾರದವರೆಲ್ಲ ಸತ್ತವರಲ್ಲ. ಪ್ಯಾರಾಚೂಟಿನಲ್ಲಿ ಇಳಿದು ಸೆರೆಸಿಕ್ಕವರು ಎಂಟನೇ ವಾಯುಪಡೆಯಲ್ಲೇ ಸುಮಾರು 28,000. ಸತ್ತವರು 26,000ಕ್ಕಿಂತ ಜಾಸ್ತಿ. ಕೆಲವರು ಬೆಲ್ಜಿಯಂ, ಫ್ರಾನ್ಸಿನ ಸಾಮಾನ್ಯ ಜನರ ಮನೆಗಳಲ್ಲಿ ಅಡಗಿ, ಪಿರೆನೀಸ್ ಬೆಟ್ಟ ದಾಟಿ, ಸ್ಪೇನಿನ ಮೂಲಕ ಇಂಗ್ಲೆಂಡಿಗೆ ವಾಪಸ್ ಬಂದರು. ಹೀಗೆ ದಾಟಿಸಲು ದಾರಿ ಕಟ್ಟಿದವಳು ಆಂದ್ರೇ ದ ಯೋಂಗ್ ಅನ್ನುವ ಬೆಲ್ಜಿಯಂನ ಹುಡುಗಿ, ಆಗ ಅವಳಿಗೆ 24. ಆದರೆ ಅಮೆರಿಕದ ಮನೆಗೆ ಬರುತ್ತಿದ್ದ ತಂತಿಯಲ್ಲಿ ಇದ್ಯಾವುದೂ ಇರುತ್ತಿರಲಿಲ್ಲ. 'ಕಾಣೆಯಾಗಿದ್ದಾರೆ' ಅಂತ ಅಷ್ಟೇ. ಆಮೇಲೆ ತಿಂಗಳುಗಟ್ಟಲೆ ಕಾಯುವುದು.

ಕೊನೆಗೆ ಪರಿಹಾರ ಬಂದದ್ದು ಮಸ್ಟಾಂಗ್ ಫೈಟರ್‌ನಿಂದ. 1943ರ ಡಿಸೆಂಬರಿನಿಂದ ಅವು ಪೆಟ್ರೋಲಿನ ಹೆಚ್ಚುವರಿ ಟ್ಯಾಂಕ್ ಕಟ್ಟಿಕೊಂಡು ಬಾಂಬರ್‌ಗಳ ಜೊತೆ ಹೋಗತೊಡಗಿದವು, ಮುಂದೆ ಬರ್ಲಿನ್‌ವರೆಗೂ ಹೋದವು. ಸಾವಿನ ಪ್ರಮಾಣ ಇಳಿಯಿತು. ಇಳಿದ ಮೇಲೆ 25ರ ನಿಯಮವನ್ನು 30 ಮಾಡಿದರು, ಆಮೇಲೆ 35.

ಈಗ ಆಗಲೇ ಬಿಟ್ಟ ಎಳೆಗೆ ಬರುತ್ತೇನೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಯುದ್ಧದ ಸಲುವಾಗಿ ಒಂದು ಸಂಖ್ಯಾಶಾಸ್ತ್ರದ ಗುಂಪು ಇತ್ತು. ಅದರಲ್ಲಿ ಏಬ್ರಹಾಂ ವಾಲ್ಡ್. ಈಗಿನ ರುಮೇನಿಯಾದ ಕ್ಲೂಜ್‌ನಲ್ಲಿ ಹುಟ್ಟಿದ ಯಹೂದಿ. ವಿಯೆನ್ನಾದಲ್ಲಿ ಓದಿ, 1938ರಲ್ಲಿ ನಾಜಿಗಳು ಆಸ್ಟ್ರಿಯಾಕ್ಕೆ ಬಂದ ಮೇಲೆ ಅಮೆರಿಕಕ್ಕೆ ಹೋದವರು. ಹಿಂದೆ ಉಳಿದ ಮನೆಯವರಲ್ಲಿ ಹೆಚ್ಚಿನವರು ನಾಜಿಗಳ ಕೈಯಲ್ಲಿ ಕೊಲೆಯಾದರು. ಇವರ ಮುಂದೆ ಬಂದ ಪ್ರಶ್ನೆ: ವಾಪಸ್ ಬಂದ ವಿಮಾನಗಳ ಮೇಲೆ ಬಿದ್ದ ಗುಂಡಿನ ತೂತು ನೋಡಿ, ವಿಮಾನದ ಯಾವ ಭಾಗ ಹೆಚ್ಚು ನಾಜೂಕು ಅಂತ ಹೇಗೆ ತಿಳಿಯುವುದು?

ರೆಕ್ಕೆ ತುಂಬ ಕೆಂಪು ಚುಕ್ಕಿ ಇರುವ ವಿಮಾನದ ಚಿತ್ರವನ್ನು ನಿಮ್ಮಲ್ಲಿ ಬಹಳ ಜನ ಮೊಬೈಲಿನಲ್ಲಿ ನೋಡಿರುತ್ತೀರಿ. ಅದು ಈಚೆಗೆ ಯಾರೋ ಬರೆದದ್ದು, ವಾಲ್ಡ್ ಅವರದ್ದಲ್ಲ. ಅವರು ಬರೆದದ್ದು ಎಂಟು ಟಿಪ್ಪಣಿ, ತುಂಬ ಸೂತ್ರಗಳು. ಅದರಲ್ಲಿ ಅವರು ಕೊಡುವ ಉದಾಹರಣೆ ಸುಮ್ನೆ ಕೇಳಿ. 400 ವಿಮಾನ ಹೋದವು. 320ಕ್ಕೆ ಒಂದೂ ಗುಂಡು ತಾಗಿಲ್ಲ. 32 ವಿಮಾನ ಒಂದೊಂದು ಏಟು ತಿಂದು ಬಂದಿವೆ, 20 ವಿಮಾನ ಎರಡೆರಡು, 4 ವಿಮಾನ ಮೂರು, 2 ನಾಲ್ಕು, 2 ಐದು. ಕೂಡಿದರೆ 380. ಉಳಿದ 20? ಅವುಗಳ ತೂತು ಎಣಿಸಲು ಯಾರಿಂದಲೂ ಆಗುವುದಿಲ್ಲ, ಅವು ಸಮುದ್ರದ ತಳದಲ್ಲೋ ಜರ್ಮನಿಯ ಹೊಲದಲ್ಲೋ ಇವೆ. ಆದರೆ ಏಟು ತಿನ್ನದೆ ಅವು ಬಿದ್ದಿರಲಾರವು. ಆ ಕಾಣದ 20ನ್ನು ಲೆಕ್ಕದೊಳಗೆ ತಂದರೆ, ಒಂದು ಏಟು ಬಿದ್ದರೆ ವಿಮಾನ ಉಳಿಯುವ ಸಾಧ್ಯತೆ ನೂರಕ್ಕೆ ಸುಮಾರು 85 ಅಂತ ಬರುತ್ತದೆ. ಭಾಗ ಭಾಗವಾಗಿ ಮಾಡಿದರೆ, ಬಂದ ವಿಮಾನಗಳ ಎಂಜಿನ್ನಿನಲ್ಲಿ ತೂತು ಕಡಿಮೆ ಇದ್ದರೆ ಎಂಜಿನ್ನಿಗೆ ಏಟು ಬೀಳುವುದಿಲ್ಲ ಅಂತಲ್ಲ, ಅಲ್ಲಿ ಬಿದ್ದವು ವಾಪಸ್ ಬರುವುದಿಲ್ಲ ಅಂತ.

ಮಗೀ, ಸ್ಮಿತ್, ರೋಸೆಂಥಾಲ್. ನಾನು ಇಷ್ಟು ಹೊತ್ತು ಹೇಳಿದ ಹೆಸರುಗಳನ್ನು ನೋಡಿ. ಎಲ್ಲರೂ ಬಂದವರೇ.

ಬೆಂಗಳೂರಿನವರಿಗೆ ಈ ಕಥೆ ದೂರದ್ದು ಅನ್ನಿಸಬಹುದು, ಪೂರ್ತಿ ಹಾಗಲ್ಲ. ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರಲ್ಲಿ ಶುರು ಮಾಡಿದ ಹಿಂದುಸ್ತಾನ್ ಏರ್‌ಕ್ರಾಫ್ಟ್, ನಮ್ಮ ಎಚ್‌ಎಎಲ್, 1943ರಲ್ಲಿ ಅಮೆರಿಕದ ವಾಯುಪಡೆಯ ಕೈಗೆ ಹೋಗಿ ಅವರ ವಿಮಾನ ರಿಪೇರಿಯ ಕೇಂದ್ರವಾಗಿತ್ತು. ಯುದ್ಧ ಮುಗಿದ ಮೇಲೆ ಬಿ-24 ಲಿಬರೇಟರ್ ಬಾಂಬರ್‌ಗಳು ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದವು. ಮತ್ತೆ ಹಾರಬಾರದು ಅಂತಲೇ ಕೆಡಿಸಿ ಹೋಗಿದ್ದರು. ನಮ್ಮವರು ಅಲ್ಲಿಗೆ ಹೋಗಿ, ಹಾರುವಷ್ಟು ಮಟ್ಟಿಗೆ ತೇಪೆ ಹಾಕಿ, ಒಂದೊಂದಾಗಿ ಬೆಂಗಳೂರಿಗೆ ತಂದರು. ಎಚ್‌ಎಎಲ್ ಪೈಲಟ್ ಜಮ್ಶೆಡ್ ಮುನ್ಶಿ ಅವುಗಳನ್ನು ಹಾರಿಸಿಕೊಂಡು ಬಂದವರು. ಇಲ್ಲಿ ಸರಿಯಾಗಿ ದುರಸ್ತಿಯಾದ ಸುಮಾರು 40 ಲಿಬರೇಟರ್‌ಗಳು ಭಾರತೀಯ ವಾಯುಪಡೆ ಸೇರಿ 1968ರವರೆಗೂ ಹಾರಿದವು. ಅಮೆರಿಕ, ಬ್ರಿಟನ್, ಕೆನಡಾದ ಮ್ಯೂಸಿಯಂಗಳಲ್ಲಿ ಇವತ್ತು ನಿಂತಿರುವ ಲಿಬರೇಟರ್‌ಗಳಲ್ಲಿ ಕೆಲವು ಇಲ್ಲಿಂದ ಹೋದವು.

ಆ ಲಿಬರೇಟರ್‌ಗಳು ಸೇವೆಗೆ ಬಂದು ಎರಡು ವರ್ಷವಾಗಿತ್ತು. 1950ರ ಕೊನೆಯಲ್ಲಿ ವಾಲ್ಡ್ ಭಾರತಕ್ಕೆ ಬಂದರು, ಸರ್ಕಾರದ ಆಹ್ವಾನದ ಮೇಲೆ, ಊರೂರಲ್ಲಿ ಉಪನ್ಯಾಸ ಕೊಡಲು. ಹೆಂಡತಿಯೂ ಜೊತೆಗಿದ್ದರು. ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಹೋಗಿದ್ದಾಗಿತ್ತು. ಜನವರಿಯಲ್ಲಿ ಬೆಂಗಳೂರಿಗೆ ಬರಬೇಕಿತ್ತು, ಇಂಡಿಯನ್ ಸೈನ್ಸ್ ಕಾಂಗ್ರೆಸ್ಸಿಗೆ. ಡಿಸೆಂಬರ್ 13ರಂದು ಅವರಿದ್ದ ಏರ್ ಇಂಡಿಯಾದ ಡಕೋಟಾ ವಿಮಾನ ನೀಲಗಿರಿಯ ಉತ್ತರದಲ್ಲಿ, ರಂಗಸ್ವಾಮಿ ಕಂಬದ ಬಂಡೆಯ ಹತ್ತಿರ ಬೆಟ್ಟಕ್ಕೆ ಬಡಿಯಿತು. ನಮ್ಮ ಚಾಮರಾಜನಗರದ ಗಡಿಯಿಂದ ಅದು ಹೆಚ್ಚು ದೂರವೇನಿಲ್ಲ. ಗಂಡ ಹೆಂಡತಿ ಇಬ್ಬರೂ ಹೋದರು. ವಾಲ್ಡ್ ಅವರಿಗೆ 48 ವರ್ಷ. ಸೈನ್ಸ್ ಕಾಂಗ್ರೆಸ್ ಹೋಮಿ ಭಾಭಾ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಅವರ ಇಬ್ಬರು ಮಕ್ಕಳು ಅಮೆರಿಕದ ಮನೆಯಲ್ಲಿದ್ದರು.